ಮುಸುವಗಳ ಮರಿಹತ್ಯೆ ಮತ್ತು ಸಹಕಾರ: ಕಂಡದ್ದನ್ನು ಹೇಗೆ ದಾಖಲಿಸಬೇಕು?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಪ್ರಬಂಧಕ್ಕಾಗಿ ನಮ್ಮೂರ ಗುಡ್ಡದ ಮುಸುವಗಳ ಗುಂಪೊಂದನ್ನು ಗಮನಿಸಬೇಕೆಂದಿದ್ದೇನೆ. 1960ರ ದಶಕದ ಆರಂಭದಲ್ಲಿ ಜಪಾನಿನ ಯುಕಿಮಾರು ಸುಗಿಯಾಮಾ ಅವರು ಧಾರವಾಡದ ಕಾಡುಗಳಲ್ಲಿ ಅಧ್ಯಯನ ನಡೆಸಿ, ಹೊರಗಿನಿಂದ ಬಂದ ಗಂಡು ಗುಂಪಿನ ಹಳೆಯ ಯಜಮಾನನನ್ನು ಓಡಿಸಿದ ಮೇಲೆ ಎಳೆಯ ಮರಿಗಳು ಹತವಾದುದನ್ನು ವರದಿ ಮಾಡಿದ್ದರು. ಇದು ಮುಸುವಗಳ ದಟ್ಟಣೆಯಿಂದ ಹುಟ್ಟಿದ ವಿಕೃತಿಯೇ, ಇಲ್ಲವೇ ಗಂಡಿಗೆ ಇದರಿಂದ ಏನಾದರೂ ಲಾಭವಿದೆಯೇ? ಒಂದರ ಮರಿಯನ್ನು ಇನ್ನೊಂದು ಹೆಣ್ಣು ಎತ್ತಿಕೊಂಡು ತಿರುಗುವುದನ್ನು ಸಹಕಾರವೆಂದು ಬರೆದುಕೊಳ್ಳಬಹುದೇ?

ಉತ್ತರ 1:
ಲಾಭವಿದೆ ಎಂಬ ವಾದವನ್ನು ಗಟ್ಟಿಯಾಗಿ ಮುಂದಿಟ್ಟವರು ರಾಜಸ್ಥಾನದ ಅಬು ಪರ್ವತದ ಮುಸುವಗಳನ್ನು ಅಧ್ಯಯನ ಮಾಡಿದ ಅಮೆರಿಕದ ಮಾನವಶಾಸ್ತ್ರಜ್ಞೆ ಸಾರಾ ಹರ್ಡಿ. ಹಾಲುಣಿಸುತ್ತಿರುವ ತಾಯಿ ಬೇಗ ಬೆದೆಗೆ ಬರುವುದಿಲ್ಲ. ಮರಿ ಸತ್ತರೆ ಬರುತ್ತದೆ. ಯಜಮಾನಿಕೆ ಎಷ್ಟು ದಿನ ಉಳಿದೀತೆಂಬ ಖಾತ್ರಿಯಿಲ್ಲದ ಗಂಡಿಗೆ ಹೀಗೆ ಮಿಗುವ ಕಾಲ ಅಮೂಲ್ಯ. ಹೆಣ್ಣೂ ಕೈಕಟ್ಟಿ ಕೂರುವುದಿಲ್ಲ. ಗರ್ಭ ಧರಿಸಿದ ಹೆಣ್ಣುಗಳೂ ಹೊಸ ಗಂಡಿನೊಡನೆ ಕೂಡುವುದುಂಟು. ಮರಿ ಯಾರದೆಂಬುದನ್ನು ಮಸುಕುಗೊಳಿಸುವ ಉಪಾಯವಿದು ಎಂದು ಹರ್ಡಿ ಅರ್ಥೈಸಿದರು.

ಉತ್ತರ 2:
ಈ ವಿವರಣೆಗೆ ವಿರೋಧವೂ ಬಹುಕಾಲ ಇತ್ತು, ಏಕೆಂದರೆ ಹತ್ಯೆಯನ್ನು ಕಣ್ಣಾರೆ ಕಂಡ ಪ್ರಸಂಗಗಳು ಕಡಿಮೆ, ಮರಿ ಕಾಣೆಯಾದುದರಿಂದ ಊಹಿಸಿದವೇ ಹೆಚ್ಚು. ನೇಪಾಳದ ರಾಮನಗರದ ಮುಸುವಗಳ ಡಿಎನ್‌ಎ ಪರೀಕ್ಷೆಯ ಫಲಿತಾಂಶ 1999ರಲ್ಲಿ ಪ್ರಕಟವಾದಾಗ, ದಾಳಿ ಮಾಡಿದ ಗಂಡುಗಳು ಆ ಮರಿಗಳ ತಂದೆಯಲ್ಲ ಎಂದು ತಿಳಿಯಿತು. ನನ್ನ ಮಟ್ಟಿಗೆ, ದಟ್ಟಣೆಯ ವಾದ ಅಲ್ಲಿಗೆ ಬಹಳ ಸೊರಗಿತು.

ಉತ್ತರ 3:
ಸಹಕಾರದ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲ. ಹುಟ್ಟಿದ ಮರಿಯ ಮೈ ಕಪ್ಪಗಿರುತ್ತದೆ, ಕೆಲವು ತಿಂಗಳಲ್ಲಿ ಬಿಳಿಚುತ್ತದೆ. ಆ ಕಪ್ಪು ಮರಿಗಾಗಿ ಹೆಣ್ಣುಗಳು, ಅದರಲ್ಲೂ ಇನ್ನೂ ಹೆರದವು, ಕೈಚಾಚುತ್ತಲೇ ಇರುತ್ತವೆ. ತಾಯಿಗೆ ನಿರಾಳವಾಗಿ ಮೇಯಲು ಬಿಡುವು ಸಿಗುತ್ತದೆ, ಎಳೆಯ ಹೆಣ್ಣಿಗೆ ಮರಿ ಹಿಡಿಯುವ ಅಭ್ಯಾಸವಾಗುತ್ತದೆ. ಆದರೆ ಕೆಲವು ಹೆಣ್ಣುಗಳು ಮರಿಯನ್ನು ಎಳೆದಾಡಿ, ಅದು ಚೀರಿದರೂ ಬಿಡುವುದಿಲ್ಲ. ಆದ್ದರಿಂದ ಟಿಪ್ಪಣಿ ಪುಸ್ತಕದಲ್ಲಿ ‘ಸಹಕಾರ’ ಎಂದು ಬರೆಯಬೇಡಿ. ಯಾರು ಎತ್ತಿಕೊಂಡರು, ಎಷ್ಟು ನಿಮಿಷ, ಮರಿ ಚೀರಿತೇ, ತಾಯಿ ಕಿತ್ತುಕೊಂಡಿತೇ ಎಂದು ಬರೆಯಿರಿ. ಕಣ್ಣಿಗೆ ಬಿದ್ದದ್ದನ್ನಷ್ಟೇ ಗೀಚಿಕೊಂಡರೆ ಜಗಳ ಮತ್ತು ಮಿಲನಗಳೇ ತುಂಬಿಕೊಂಡು, ಸದ್ದಿಲ್ಲದೆ ನಡೆಯುವ ಹೇನು ಹೆಕ್ಕುವಿಕೆ ತಪ್ಪಿಹೋಗುತ್ತದೆ. ಪ್ರಾಣಿವರ್ತನೆಯ ಸಂಶೋಧಕಿ ಜೀನ್ ಆಲ್ಟ್‌ಮನ್ 1974ರಲ್ಲಿ ವಿವರಿಸಿದಂತೆ, ಒಂದು ಪ್ರಾಣಿಯನ್ನು ಆರಿಸಿ, ನಿಗದಿತ ಅವಧಿಯವರೆಗೆ ಅದನ್ನು ಮಾತ್ರ ಹಿಂಬಾಲಿಸಿ. ಮುಸುವ ಹೆಣ್ಣಿನಲ್ಲಿ ಬೆದೆಯ ಊತ ಎದ್ದು ಕಾಣದ ಕಾರಣ, ಅದು ಗಂಡಿಗೆ ಬೆನ್ನು ತೋರಿಸಿ ತಲೆಯನ್ನು ಪಟಪಟನೆ ಅಲುಗಿಸುವುದನ್ನು ತಪ್ಪದೆ ಗುರುತು ಹಾಕಿಕೊಳ್ಳಿ. ಇದಕ್ಕೆಲ್ಲ ಮೊದಲು ಹರಿದ ಕಿವಿ, ಮೊಂಡು ಬಾಲ, ಗಾಯದ ಕಲೆಗಳಿಂದ ಪ್ರತಿಯೊಂದನ್ನೂ ಬೇರೆಬೇರೆಯಾಗಿ ಗುರುತಿಸುವುದನ್ನು ಕಲಿಯಿರಿ.