ಉಳಿದ ಬ್ರೆಡ್ಡಿನ ಉಪ್ಪಿಟ್ಟು ಮುದ್ದೆಯಾಗದೆ ಉದುರುದುರಾಗಿ ಬರಲು ಏನು ಮಾಡಬೇಕು?

ಪ್ರಶ್ನೆ
ಹಾಲು ಬ್ರೆಡ್ 8 ಸ್ಲೈಸ್ ಉಳಿದಿದೆ, ಎರಡು ದಿನದಿಂದ ಫ್ರಿಜ್‌ನಲ್ಲಿದೆ. ಬೆಳಿಗ್ಗೆ 15 ನಿಮಿಷದಲ್ಲಿ ಖಾರದ ತಿಂಡಿ ಆಗಬೇಕು. ಈರುಳ್ಳಿ, ಟೊಮೇಟೊ ಬಾಡಿಸಿ, ಬ್ರೆಡ್ ಹಾಕಿ, ಅರ್ಧ ಲೋಟ ನೀರು ಚಿಮುಕಿಸಿ, ಮುಚ್ಚಿ ಬೇಯಿಸಿದರೆ ಪ್ರತಿ ಸಲವೂ ಮುದ್ದೆ. ತಪ್ಪು ಎಲ್ಲಿ? ಮಕ್ಕಳ ಡಬ್ಬಿಗೂ ಹಾಕಬಹುದಾ?

ಉತ್ತರ 1
ತಪ್ಪು ಆ ನೀರು ಮತ್ತು ಮುಚ್ಚಳದಲ್ಲಿದೆ. ರವೆ ಬೇಯಬೇಕು, ಅದಕ್ಕೆ ನೀರು ಬೇಕು. ಬ್ರೆಡ್ ಆಗಲೇ ಬೆಂದಿರುವ ಪದಾರ್ಥ. ನೀರು ಬಿದ್ದರೆ ಹೀರಿಕೊಂಡು ಕರಗುತ್ತದೆ, ಅಷ್ಟೆ. ಹಳೇ ಬ್ರೆಡ್ ಗಟ್ಟಿಯಾಗಿರುವುದೇ ಇಲ್ಲಿ ಅನುಕೂಲ. ತಾಜಾ ಬ್ರೆಡ್ಡಿನಲ್ಲಿ ಮಾಡಿದರೆ ಸಟ್ಟುಗಕ್ಕೆ ಮೆತ್ತಿಕೊಳ್ಳುತ್ತದೆ.

ಅಂಚು ಕತ್ತರಿಸಿ ಎಸೆಯಬೇಡಿ, ಗರಿಗರಿ ಇರುವುದು ಅದರಲ್ಲೇ. ಒಂದು ಸ್ಲೈಸಿಗೆ 16 ತುಂಡು ಬರುವಂತೆ ಕತ್ತರಿಸಿ. ಕೈಯಲ್ಲಿ ಪುಡಿ ಮಾಡಿದರೆ ಪುಡಿಯೆಲ್ಲ ಮಸಾಲೆಯ ಪಸೆ ಎಳೆದು ಗಂಟಾಗುತ್ತದೆ. ಅಗಲ ಬಾಣಲೆಯಲ್ಲಿ 1 ಚಮಚ ತುಪ್ಪ ಹಾಕಿ, ಸಣ್ಣ ಉರಿಯಲ್ಲಿ 5–6 ನಿಮಿಷ ಹುರಿಯಿರಿ. ಮಗುಚಿದಾಗ ತುಂಡುಗಳು ಬಾಣಲೆಗೆ ತಾಗಿ ಕಟಕಟ ಸದ್ದು ಬರಬೇಕು. ಒಳಗೆ ಒತ್ತಿದರೆ ಮೆತ್ತಗೇ ಇರಲಿ. ತೆಗೆದು ತಟ್ಟೆಯಲ್ಲಿ ಹರಡಿ. ರಾಶಿ ಹಾಕಿದರೆ ತನ್ನ ಹಬೆಗೇ ತೇವವಾಗುತ್ತದೆ.

ಅದೇ ಬಾಣಲೆಗೆ 2 ದೊಡ್ಡ ಚಮಚ ಎಣ್ಣೆ, ಅರ್ಧ ಚಮಚ ಸಾಸಿವೆ, ಉದ್ದಿನಬೇಳೆ ಕಡ್ಲೆಬೇಳೆ ಒಂದೊಂದು ಚಮಚ, ಇಂಗು, ಕರಿಬೇವು, ಸೀಳಿದ 3 ಹಸಿಮೆಣಸಿನಕಾಯಿ, ತುರಿದ ಶುಂಠಿ. ಬೇಳೆ ಕೆಂಪಾದ ಮೇಲೆ ದೊಡ್ಡ ಈರುಳ್ಳಿ ಒಂದು, ಕಾಲು ಚಮಚ ಅರಿಶಿನ. ಈರುಳ್ಳಿ ಬಾಡಿದ ಮೇಲೆ ಬ್ರೆಡ್ ಹಾಕಿ ದೊಡ್ಡ ಉರಿಯಲ್ಲಿ ಎರಡೇ ನಿಮಿಷ ಮೇಲೆ ಕೆಳಗೆ ಮಾಡಿ. ಮುಚ್ಚಬೇಡಿ. ಉರಿ ಆರಿಸಿ ಕೊತ್ತಂಬರಿ, ಕಾಯಿತುರಿ.

ಉತ್ತರ 2
ಮೇಲಿನದಕ್ಕೆ ಎರಡು ಮಾತು ಸೇರಿಸುತ್ತೇನೆ. ಬ್ರೆಡ್ಡಿನಲ್ಲಿ ಉಪ್ಪು ಇದ್ದೇ ಇರುತ್ತದೆ. ಈರುಳ್ಳಿಗೆ ಸಾಕಾಗುವಷ್ಟು, ಕಾಲು ಚಮಚ ಹಾಕಿದರೆ ಮುಗಿಯಿತು. ರವೆ ಉಪ್ಪಿಟ್ಟಿನ ಅಂದಾಜಿಗೆ ಹಾಕಿದರೆ ಬಾಯಿಗೆ ಇಡಲಾಗುವುದಿಲ್ಲ. ಇನ್ನು ಹಾಲು ಬ್ರೆಡ್ ಸಿಹಿ, ಸಕ್ಕರೆ ಇರುವುದರಿಂದ ಬೇಗ ಕಪ್ಪಾಗುತ್ತದೆ. ಹುರಿಯುವಾಗ ಒಲೆ ಬಿಟ್ಟು ಹೋಗಬೇಡಿ, ಮೆಣಸಿನಕಾಯಿ ಒಂದು ಹೆಚ್ಚೇ ಇರಲಿ.

ಪ್ರಶ್ನೆ ಕೇಳಿದವರು
ಟೊಮೇಟೊ ಪೂರ್ತಿ ಬಿಡಬೇಕಾ? ಹುಳಿ ಇಲ್ಲದಿದ್ದರೆ ಸಪ್ಪೆ ಅನ್ನಿಸುತ್ತದೆ.

ಉತ್ತರ 2
ಬಿಡಬೇಕಿಲ್ಲ. ಒಂದೇ ಟೊಮೇಟೊ, ಬೀಜದ ರಸ ತೆಗೆದು ಸಣ್ಣಗೆ ಹೆಚ್ಚಿ. ಬಾಣಲೆಯ ಅಂಚಿನಲ್ಲಿ ಎಣ್ಣೆ ಬಿಡುವ ತನಕ ಬೇಯಲಿ, 4–5 ನಿಮಿಷ ಹಿಡಿಯುತ್ತದೆ. ಸಟ್ಟುಗದಲ್ಲಿ ಗೆರೆ ಎಳೆದರೆ ನೀರು ಹರಿದು ಬಂದು ಗೆರೆ ಮುಚ್ಚಬಾರದು. ಪುರುಸೊತ್ತು ಇಲ್ಲದಿದ್ದರೆ ಅರ್ಧ ನಿಂಬೆಹಣ್ಣು ಸಾಕು, ಒಲೆ ಆರಿಸಿದ ಮೇಲೆ ಹಿಂಡಿ. ಬಿಸಿ ಬಾಣಲೆಗೆ ಹಿಂಡಿದರೆ ಕಹಿ ಬರುತ್ತದೆ.

ಉತ್ತರ 3
ಡಬ್ಬಿಗೆ ಬೇಡ. ಹಳೇ ಬ್ರೆಡ್ ಬಿಸಿಯಾದಾಗ ಮೆತ್ತಗಾಗುತ್ತದೆ, ಆರಿದಾಗ ಮೊದಲಿಗಿಂತ ಗಟ್ಟಿ. ಮಧ್ಯಾಹ್ನದ ಹೊತ್ತಿಗೆ ರಬ್ಬರ್. ಡಬ್ಬಿಗಾದರೆ ಬ್ರೆಡ್ ದೋಸೆ ಮಾಡಿ: 6 ಸ್ಲೈಸ್, ಅರ್ಧ ಕಪ್ ಮೊಸರು, ಮುಕ್ಕಾಲು ಕಪ್ ನೀರು ಮಿಕ್ಸಿಯಲ್ಲಿ ರುಬ್ಬಿ, ಅರ್ಧ ಕಪ್ ಚಿರೋಟಿ ರವೆ, ಕಾಲು ಕಪ್ ಅಕ್ಕಿಹಿಟ್ಟು ಕಲಸಿ 10 ನಿಮಿಷ ಬಿಡಿ. ಅಷ್ಟರಲ್ಲಿ ರವೆ ನೆನೆದು ಹಿಟ್ಟು ಗಟ್ಟಿಯಾಗುತ್ತದೆ, ಮತ್ತೆ ನೀರು ಹಾಕಿ ಸೆಟ್ ದೋಸೆ ಹದಕ್ಕೆ ತನ್ನಿ. ಜೀರಿಗೆ, ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ ಸೇರಿಸಿ. ಅಕ್ಕಿಹಿಟ್ಟು ಬಿಟ್ಟರೆ ದೋಸೆ ಕಾವಲಿಯಿಂದ ಏಳುವುದಿಲ್ಲ. ಉರಿ ಮಧ್ಯಮ ಇರಲಿ.

ಫ್ರಿಜ್ ಬಗ್ಗೆಯೂ ಹೇಳಬೇಕು. ಅಲ್ಲಿ ಬೂಷ್ಟು ತಡವಾಗಿ ಬರುತ್ತದೆ ನಿಜ, ಆದರೆ ಬ್ರೆಡ್ ಹೊರಗಿಗಿಂತ ಬೇಗ ಗಟ್ಟಿಯಾಗುತ್ತದೆ. ಉಪ್ಪಿಟ್ಟಿಗೆ ತೊಂದರೆಯಿಲ್ಲ, ಹಾಗೇ ತಿನ್ನಲು ಬೇಕಿದ್ದರೆ ಫ್ರೀಜರ್‌ನಲ್ಲಿ ಇಡಿ.

ಉತ್ತರ 4
ಗಟ್ಟಿಯಾದದ್ದು ಬೇರೆ, ಕೆಟ್ಟದ್ದು ಬೇರೆ. ಕತ್ತರಿಸುವ ಮೊದಲು ಪ್ರತಿ ಸ್ಲೈಸನ್ನೂ ಬೆಳಕಿಗೆ ಹಿಡಿದು ಎರಡೂ ಕಡೆ ನೋಡಿ. ಒಂದರಲ್ಲಿ ಹಸಿರು ಚುಕ್ಕೆ ಕಂಡರೂ ಇಡೀ ಪೊಟ್ಟಣ ಎಸೆಯಿರಿ. ಬ್ರೆಡ್ ಮೆತ್ತಗಿರುವುದರಿಂದ ಬೂಷ್ಟಿನ ಎಳೆ ಕಣ್ಣಿಗೆ ಕಾಣದಂತೆ ಒಳಕ್ಕೆ ಇಳಿದಿರುತ್ತದೆ. ಹುರಿದರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಮುರಿದಾಗ ಒಳಗೆ ಅಂಟಂಟು ಎಳೆ, ಕೊಳೆತ ಹಣ್ಣಿನ ವಾಸನೆ ಇದ್ದರೂ ಅದು ಕೆಟ್ಟದ್ದೇ, ಚುಕ್ಕೆ ಇಲ್ಲದಿದ್ದರೂ ಸರಿ.