ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಲೈಟ್ ಹತ್ತುತ್ತದೆ, ಕಂಪ್ಯೂಟರಿನಲ್ಲಿ ಮಾತ್ರ ಕಾಣುತ್ತಿಲ್ಲ

ಗಂಗಾವತಿ_ಸ್ಟುಡಿಯೋ:

ಎಲ್ಲರಿಗೂ ನಮಸ್ಕಾರ. ನಮ್ಮದು ಗಂಗಾವತಿಯಲ್ಲಿ ಸಣ್ಣ ಫೋಟೋ ಸ್ಟುಡಿಯೋ. ಮದುವೆ ಫೋಟೋ, ವಿಡಿಯೋ ಎಲ್ಲಾ ಒಂದು 2 ಟಿಬಿ ಹಾರ್ಡ್ ಡಿಸ್ಕಿನಲ್ಲಿ ಇಡುತ್ತೇವೆ, ಅಂಗೈಯಷ್ಟು ಇರುತ್ತದಲ್ಲಾ ಅದು. ಮೊನ್ನೆವರೆಗೂ ಸರಿ ಇತ್ತು. ಈಗ ಸಿಕ್ಕಿಸಿದರೆ ನೀಲಿ ಲೈಟ್ ಹತ್ತುತ್ತದೆ, ಒಳಗೆ ಗುಂಯ್ ಅಂತ ಸುತ್ತಲು ಶುರುವಾಗಿ ಅರ್ಧಕ್ಕೆ ನಿಲ್ಲುತ್ತದೆ, ಮತ್ತೆ ಶುರು, ಮತ್ತೆ ನಿಲ್ಲುತ್ತದೆ. ವಿಂಡೋಸ್ ಟಿಣ್ ಟಿಣ್ ಅಂತ ಸದ್ದು ಮಾಡಿ 'ಯುಎಸ್‌ಬಿ ಡಿವೈಸ್ ನಾಟ್ ರೆಕಗ್ನೈಸ್ಡ್' ಅನ್ನುತ್ತದೆ. ದಿಸ್ ಪಿಸಿಯಲ್ಲಿ ಡ್ರೈವ್ ಬರುವುದೇ ಇಲ್ಲ.

ಸಿಂಧನೂರಿನ ಒಂದು ಮದುವೆ ಆಲ್ಬಮ್ ಇನ್ನೂ ಡಿಸೈನ್ ಆಗಿಲ್ಲ, ಹುಡುಗಿ ತಂದೆ ದಿನಾ ಫೋನ್ ಮಾಡ್ತಾರೆ. ಒಂದು ಸರ್ವಿಸ್ ಅಂಗಡಿಯಲ್ಲಿ ತೋರಿಸಿದೆ. ಕೈಯಲ್ಲಿ ಹಿಡಿದು ಕಿವಿ ಹತ್ತಿರ ಇಟ್ಟುಕೊಂಡು 'ಡಿಸ್ಕ್ ಹೋಗಿದೆ, ಡೇಟಾ ಬೇಕಂದ್ರೆ ಹೈದರಾಬಾದಿಗೆ ಕಳಿಸಬೇಕು' ಅಂದರು. ಅಷ್ಟು ಬೇಗ ಹೇಗೆ ಗೊತ್ತಾಯಿತೋ! ಯಾರಾದರೂ ದಾರಿ ಹೇಳಿ.

ಶಕ್ತಿನಗರ_ರಾಯಚೂರು:

ಅಣ್ಣಾ, ಹೈದರಾಬಾದ್ ಬಸ್ ಹತ್ತುವ ಮುಂಚೆ ಕೇಬಲ್ ನೋಡಿ. ನೀವು ಹೇಳಿದ ಸದ್ದು ಕೇಳಿದರೆ ಕರೆಂಟ್ ಸಾಲುತ್ತಿಲ್ಲ ಅನ್ನಿಸುತ್ತದೆ. ಈ ಸಣ್ಣ ಡಿಸ್ಕಿಗೆ ಬೇರೆ ಅಡಾಪ್ಟರ್ ಇರುವುದಿಲ್ಲ, ಬೇಕಾದ ಕರೆಂಟೆಲ್ಲಾ ಯುಎಸ್‌ಬಿ ಪೋರ್ಟಿನಿಂದಲೇ ಬರಬೇಕು. ಲೆಕ್ಕಕ್ಕೆ ಯುಎಸ್‌ಬಿ 2.0 ಪೋರ್ಟ್ 500 ಮಿಲಿಆಂಪ್, 3.0 ಪೋರ್ಟ್ 900 ಮಿಲಿಆಂಪ್ ಕೊಡಬೇಕು. ಡಿಸ್ಕ್ ಸುತ್ತಲು ಶುರುವಾಗುವ ಹೊತ್ತಿನಲ್ಲಿ ಜಾಸ್ತಿ ಎಳೆಯುತ್ತದೆ. ಆಗ ಸಾಲದಿದ್ದರೆ ಅಲ್ಲೇ ಸೋತು ನಿಲ್ಲುತ್ತದೆ. ಲೈಟ್ ಹತ್ತುವುದಕ್ಕೆ ಬೇಕಾಗುವ ಕರೆಂಟ್ ಏನೇನೂ ಅಲ್ಲ, ಹಾಗಾಗಿ ಲೈಟ್ ನಂಬಬೇಡಿ.

ಡೆಸ್ಕ್‌ಟಾಪ್ ಆದರೆ ಮುಂದಿನ ಪೋರ್ಟ್ ಬಿಟ್ಟು ಹಿಂದೆ ಮದರ್‌ಬೋರ್ಡಿನಲ್ಲೇ ಇರುವ ಪೋರ್ಟಿಗೆ ನೇರ ಹಾಕಿ. ಹಬ್ ಬೇಡ, ಎಕ್ಸ್‌ಟೆನ್ಷನ್ ಕೇಬಲ್ ಬೇಡ. ಆಮೇಲೆ ಡಿಸ್ಕಿನ ಕಡೆ ಇರುವ ಅಗಲ ಪಿನ್ ನೋಡಿ, ಎರಡು ಭಾಗ ಇರುತ್ತದೆ. ದೊಡ್ಡ ಭಾಗ ಹಳೇ ಫೋನಿನ ಮೈಕ್ರೋ ಯುಎಸ್‌ಬಿ ಆಕಾರದ್ದೇ. ಅಲ್ಲಿಗೆ ಹಳೇ ಆಂಡ್ರಾಯ್ಡ್ ಫೋನಿನ ಡೇಟಾ ಕೇಬಲ್ ಕೂರುತ್ತದೆ, 2.0 ವೇಗದಲ್ಲಿ ಕೆಲಸವೂ ಮಾಡುತ್ತದೆ. ಬರೀ ಚಾರ್ಜಿಂಗ್ ಕೇಬಲ್ ಆಗಬಾರದು ಅಷ್ಟೇ. ಹೊಸದು ತರುವ ಮುಂಚೆ ಪರೀಕ್ಷೆಗೆ ಇದು ಸಾಕು.

ಕೌಲ್‌ಬಜಾರ್_ಹುಡುಗ:

ಬ್ರೋ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ರಾತ್ರಿಯೆಲ್ಲಾ ಫ್ರೀಜರಿನಲ್ಲಿ ಇಡಿ, ಯೂಟ್ಯೂಬಿನಲ್ಲಿ ನೋಡಿದೀನಿ. ಡ್ರೈವ್ ಬಂದು ಫಾರ್ಮ್ಯಾಟ್ ಕೇಳಿದರೆ ಫಾರ್ಮ್ಯಾಟ್ ಕೊಟ್ಟುಬಿಡಿ, ಆಮೇಲೆ ರಿಕವರಿ ಸಾಫ್ಟ್‌ವೇರಿನಲ್ಲಿ ಎಲ್ಲಾ ವಾಪಸ್ ಬರುತ್ತದೆ.

ಲ್ಯಾಬ್_ಮೇಡಂ_ಕೊಪ್ಪಳ:

ದಯವಿಟ್ಟು ಮೇಲಿನ ಎರಡನ್ನೂ ಮಾಡಬೇಡಿ. ಫ್ರೀಜರಿನಿಂದ ಹೊರಗೆ ತೆಗೆದ ಕೂಡಲೇ ನಮ್ಮ ಕಡೆಯ ಬಿಸಿಗಾಳಿಗೆ ಒಳಗೆಲ್ಲಾ ನೀರಿನ ಪಸೆ ಕಟ್ಟುತ್ತದೆ. ಬದುಕಿದ್ದ ಡಿಸ್ಕ್ ಆಗ ನಿಜವಾಗಿ ಸಾಯುತ್ತದೆ. ಇನ್ನು ಫಾರ್ಮ್ಯಾಟ್. ಕ್ವಿಕ್ ಫಾರ್ಮ್ಯಾಟ್ ಆದರೆ ಫೋಟೋಗಳು ಸಿಗಬಹುದು, ಆದರೆ ಫೋಲ್ಡರ್ ಹೆಸರು, ಫೈಲ್ ಹೆಸರು ಹೋಗುವ ಸಾಧ್ಯತೆ ಜಾಸ್ತಿ. ಸಾವಿರಾರು ಫೋಟೋ ನಂಬರ್ ಹೆಸರಿನಲ್ಲಿ ರಾಶಿ ಬಿದ್ದರೆ ಯಾವ ಮದುವೆ ಯಾವುದು ಅಂತ ಕೂತು ಹುಡುಕುವವರು ಯಾರು? ಫುಲ್ ಫಾರ್ಮ್ಯಾಟ್ ಆದರೆ ವಿಂಡೋಸ್ ಪೂರ್ತಿ ಡಿಸ್ಕಿಗೆ ಸೊನ್ನೆ ಬರೆಯುತ್ತದೆ, ಕಥೆ ಮುಗಿಯಿತು.

ಸರ್, ಕೇಬಲ್ ಬದಲಿಸಿದ ಮೇಲೆ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ದಿಸ್ ಪಿಸಿಯಲ್ಲಿ ಕಾಣದ್ದು ಇಲ್ಲಿ ಕಾಣಬಹುದು. ನೀಲಿ ಪಟ್ಟಿ ಇದ್ದು ಲೆಟರ್ ಇಲ್ಲದಿದ್ದರೆ ಸಣ್ಣ ವಿಷಯ, ಪಟ್ಟಿ ಮೇಲೆ ರೈಟ್ ಕ್ಲಿಕ್ ಮಾಡಿ ಚೇಂಜ್ ಡ್ರೈವ್ ಲೆಟರ್‌ನಲ್ಲಿ ಒಂದು ಅಕ್ಷರ ಕೊಡಿ. ಸ್ಟುಡಿಯೋಗಳಲ್ಲಿ ಕಾರ್ಡ್ ರೀಡರ್, ಪೆನ್‌ಡ್ರೈವ್ ಜಾಸ್ತಿ, ಅಕ್ಷರಗಳ ಗೊಂದಲ ಆಗುತ್ತಿರುತ್ತದೆ. 'ರಾ' (RAW, ಅಂದರೆ ಫಾರ್ಮ್ಯಾಟ್ ಯಾವುದು ಅಂತ ವಿಂಡೋಸಿಗೆ ಗೊತ್ತಾಗದ್ದು) ಅಂತ ತೋರಿಸಿದರೆ ಅಥವಾ 'ಇನಿಷಿಯಲೈಸ್ ಡಿಸ್ಕ್' ಕೇಳಿದರೆ ಕ್ಯಾನ್ಸಲ್ ಒತ್ತಿ ಇಲ್ಲಿ ಬರೆಯಿರಿ. ಟಕ್ ಟಕ್ ಅಂತ ಒಂದೇ ತಾಳದಲ್ಲಿ ಬಡಿಯುವ ಸದ್ದು ಬಂದರೆ ತಕ್ಷಣ ತೆಗೆದುಬಿಡಿ, ಅದು ಹೆಡ್, ಅಂದರೆ ಒಳಗೆ ಡಿಸ್ಕ್ ಓದುವ ಭಾಗದ ಸಮಸ್ಯೆ. ಆಗ ಮಾತ್ರ ಹೈದರಾಬಾದೋ ಬೆಂಗಳೂರೋ.

ಜೀನ್ಸ್_ಬಳ್ಳಾರಿ:

ಆ ಡಿಸ್ಕನ್ನು ಯಾರಾದರೂ ಮ್ಯಾಕ್ ಕಂಪ್ಯೂಟರಿಗೆ ಹಾಕಿದ್ದರಾ? ನಮ್ಮ ಡಿಸೈನರ್ ಒಬ್ಬರು ಮ್ಯಾಕಿನಲ್ಲೇ ಫಾರ್ಮ್ಯಾಟ್ ಮಾಡಿದ ಡಿಸ್ಕ್ ತಂದಿದ್ದರು, ವಿಂಡೋಸ್ ಅದನ್ನು ಓದಲು ಬಾರದೆ ಫಾರ್ಮ್ಯಾಟ್ ಮಾಡಲಾ ಅಂತ ಕೇಳುತ್ತಿತ್ತು. ಡಿಸ್ಕ್ ಗಟ್ಟಿಮುಟ್ಟಾಗಿಯೇ ಇತ್ತು.

ಗಂಗಾವತಿ_ಸ್ಟುಡಿಯೋ:

ಮ್ಯಾಕ್ ನಮ್ಮ ಕಡೆ ಎಲ್ಲಿ ಬಂತು ಸರ್, ಇಲ್ಲ. ಹಿಂದಿನ ಪೋರ್ಟಿಗೆ ಹಾಕಿದೆ, ಹಳೇ ಕೇಬಲಿನಲ್ಲಿ ಅದೇ ಹಾಡು. ಫೋನ್ ಕೇಬಲ್ ಹಾಕಿದ ಮೇಲೆ ನಿಲ್ಲದೆ ಸುತ್ತುತ್ತಿದೆ! ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ನೀಲಿ ಪಟ್ಟಿ, ಎನ್‌ಟಿಎಫ್‌ಎಸ್ (ವಿಂಡೋಸಿನ ಫಾರ್ಮ್ಯಾಟ್) ಅಂತಿದೆ, ಲೆಟರ್ ಇರಲಿಲ್ಲ, ಕೊಟ್ಟೆ, ಫೋಲ್ಡರ್‌ಗಳು ಬಂದವು. ಆದರೆ 1863 ಜಿಬಿ ತೋರಿಸುತ್ತದೆ, 2000 ಇರಬೇಕಲ್ವಾ? ಇನ್ನೊಂದು, ಸಿಂಧನೂರು ಫೋಲ್ಡರ್ ತೆರೆದರೆ ಮೇಲಿನ ಹಸಿರು ಪಟ್ಟಿ ತೆವಳುತ್ತಾ ಎಲ್ಲಾ ಜಾಮ್ ಆಗುತ್ತದೆ. ವಿಂಡೋಸ್ 'ಸ್ಕ್ಯಾನ್ ಆಂಡ್ ಫಿಕ್ಸ್' ಕೇಳುತ್ತಿದೆ. ಒತ್ತಲಾ?

ಲ್ಯಾಬ್_ಮೇಡಂ_ಕೊಪ್ಪಳ:

ಈಗಲೇ ಒತ್ತಬೇಡಿ. ಅದು ಡಿಸ್ಕಿಗೆ ಬರೆಯುವ ಕೆಲಸ, ನಿಮಗೆ ಈಗ ಬೇಕಾಗಿರುವುದು ಓದಿಕೊಳ್ಳುವ ಕೆಲಸ. 1863 ಸರಿಯೇ ಇದೆ. ಕಂಪನಿಯವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ.

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ನೋಡಿ, ಡಿಸ್ಕಿನ ಆರೋಗ್ಯ ತೋರಿಸುವ ಸಾಫ್ಟ್‌ವೇರ್, ಪುಕ್ಕಟೆ ಸಿಗುತ್ತದೆ. ಸಿ5 ಅನ್ನುವ ಸಾಲಿನಲ್ಲಿ ಎಷ್ಟಿದೆ ಹೇಳಿ. ಓದಲು ಆಗದೆ ಬಾಕಿ ಉಳಿದ ಸೆಕ್ಟರ್‌ಗಳ (ಡಿಸ್ಕಿನ ಸಣ್ಣ ಸಣ್ಣ ತುಂಡುಗಳ) ಲೆಕ್ಕ ಅದು. ಬರೆಯುವ ಹೊತ್ತಿನಲ್ಲಿ ಪದೇ ಪದೇ ಕರೆಂಟ್ ತಪ್ಪಿದರೂ ಹೀಗಾಗುತ್ತದೆ, ನಿಮ್ಮ ಕೇಬಲ್ ಆ ಕೆಲಸ ಮಾಡಿರಬಹುದು.

ಗಂಗಾವತಿ_ಸ್ಟುಡಿಯೋ:

ಹಳದಿ ಬಣ್ಣ, ಕಾಷನ್ ಅಂತಿದೆ. ಸಿ5 ಮುಂದೆ ಸೊನ್ನೆಗಳಾದ ಮೇಲೆ 28.

ಶಕ್ತಿನಗರ_ರಾಯಚೂರು:

ಆ ಸಾಫ್ಟ್‌ವೇರ್ ಹೆಕ್ಸ್ ಲೆಕ್ಕದಲ್ಲಿ, ಅಂದರೆ ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ, 28 ಅಂದರೆ 40. ಭಯಪಡುವಷ್ಟಲ್ಲ, ಬಿಟ್ಟುಬಿಡುವಷ್ಟೂ ಅಲ್ಲ. ಇವತ್ತೇ ಬೇರೆ ಡಿಸ್ಕ್ ತನ್ನಿ. ಜೊತೆಗೆ ಸರಿಯಾದ ಅಗಲ ಪಿನ್ನಿನ ಗಿಡ್ಡ ಕೇಬಲ್ ತನ್ನಿ. ಫೋನ್ ಕೇಬಲಿನಲ್ಲಿ ಸೆಕೆಂಡಿಗೆ 35 ಎಂಬಿ ಹಿಡಿದರೂ ತುಂಬಿದ 2 ಟಿಬಿಗೆ ಹದಿನಾರು ತಾಸು ಬೇಕು, ಅಷ್ಟು ಹೊತ್ತು ಕರೆಂಟ್ ಹೋಗದೆ ಇರುತ್ತದಾ ನಮ್ಮೂರುಗಳಲ್ಲಿ? ನಾನು ಇರುವುದು ಥರ್ಮಲ್ ಪ್ಲಾಂಟ್ ಪಕ್ಕ, ನನಗೇ ಗ್ಯಾರಂಟಿ ಇಲ್ಲ. ಲ್ಯಾಪ್‌ಟಾಪಿನಲ್ಲಿ ಕಾಪಿ ಮಾಡಿ, ಬ್ಯಾಟರಿ ಕಾಯುತ್ತದೆ.

ಡೆಲಿವರಿ ಆಗದ ಮದುವೆ ಮೊದಲು ತೆಗೆಯಿರಿ, ಎಲ್ಲಾ ಒಟ್ಟಿಗೆ ಎಳೆಯಬೇಡಿ. ಒಂದು ಫೈಲ್ ಹಟ ಹಿಡಿದರೆ ಸ್ಕಿಪ್ ಕೊಟ್ಟು ಮುಂದೆ ಹೋಗಿ. ಡಿಸ್ಕ್ ಮೇಲೆ ಒಂದು ಟೇಬಲ್ ಫ್ಯಾನ್ ಬಿಡಿ. ಕೆಲವು ಡಿಸ್ಕಿಗೆ ಕಂಪನಿಯೇ 35 ಡಿಗ್ರಿವರೆಗೆ ಅಂತ ಬರೆದಿರುತ್ತದೆ, ನಮ್ಮ ಬೇಸಿಗೆಯಲ್ಲಿ ಹನ್ನೊಂದಕ್ಕೇ ದಾಟಿರುತ್ತದೆ.

ಗಂಗಾವತಿ_ಸ್ಟುಡಿಯೋ:

ಹೊಸ ಕೇಬಲಿನಲ್ಲಿ ಓಡುತ್ತಿದೆ. ಸಿಂಧನೂರು ಮದುವೆ ಫೋಟೋ ಎಲ್ಲಾ ಬಂದವು. ಅಕ್ಕಿಕಾಳು ಹಾಕುವ ವಿಡಿಯೋ ಕ್ಲಿಪ್ ಎರಡು ಮಾತ್ರ ಬರುತ್ತಿಲ್ಲ, ಅವೇ ಮುಖ್ಯದವು ನೋಡಿ! ಏನು ಮಾಡಲಿ?

ಲ್ಯಾಬ್_ಮೇಡಂ_ಕೊಪ್ಪಳ:

ಕ್ಯಾಮೆರಾ ಕಾರ್ಡ್ ಮೇಲೆ ಆಮೇಲೆ ಬೇರೆ ಶೂಟ್ ಆಗಿದೆಯಾ? ಆಗಿಲ್ಲದಿದ್ದರೆ ಮೊದಲು ಆ ಕಾರ್ಡ್ ಎತ್ತಿಡಿ, ಅದರಲ್ಲೇ ಸಿಗಬಹುದು. ಇಲ್ಲವೆಂದರೆ ಬಾಕಿ ಎಲ್ಲಾ ಕಾಪಿ ಮುಗಿಸಿ, ಲಿನಕ್ಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಡಿಡಿರೆಸ್ಕ್ಯೂ ಅನ್ನುವ, ಕೆಟ್ಟ ಡಿಸ್ಕಿನಿಂದ ಕಾಪಿ ತೆಗೆಯುವ ಸಾಫ್ಟ್‌ವೇರ್ ಓಡಿಸಬೇಕು. ಅದು ಓದಲು ಬಾರದ ಜಾಗ ಬಿಟ್ಟು ಮುಂದೆ ಹೋಗಿ ಕೊನೆಗೆ ಮತ್ತೆ ಅಲ್ಲಿಗೆ ಬರುತ್ತದೆ, ಎಲ್ಲಿಯವರೆಗೆ ಓದಿತು ಅಂತ ಬರೆದಿಡುವ ಮ್ಯಾಪ್ ಫೈಲ್ ಕೊಟ್ಟಿದ್ದರೆ ಮಧ್ಯೆ ನಿಂತರೂ ನಿಂತಲ್ಲಿಂದಲೇ ಶುರು ಮಾಡುತ್ತದೆ. ಯಾವುದರಿಂದ ಯಾವುದಕ್ಕೆ ಅನ್ನುವುದು ಅದಲು ಬದಲಾದರೆ ಖಾಲಿ ಡಿಸ್ಕ್ ತುಂಬಿದ್ದರ ಮೇಲೆ ಬರೆದುಬಿಡುತ್ತದೆ, ಹಾಗಾಗಿ ಒಬ್ಬರೇ ಮಾಡಬೇಡಿ. ಡಿಸ್ಕ್‌ಗಳ ಪಟ್ಟಿ ಬಂದ ಮೇಲೆ ಅದರ ಫೋಟೋ ಇಲ್ಲಿ ಹಾಕಿ, ಕಮಾಂಡ್ ನಾನು ಬರೆದು ಕೊಡುತ್ತೇನೆ.