ಅಪ್‌ಡೇಟ್: ಅಂಗನವಾಡಿ ಮಕ್ಕಳಿಗೆ ತರಕಾರಿಗಳ ಪರಿಚಯ

ಚಿತ್ರಪಟ ತೋರಿಸಿ ಹೆಸರು ಹೇಳಿಸುವುದನ್ನು ಬಿಟ್ಟು, ನಮ್ಮ ಅಂಗನವಾಡಿಯ ಮಕ್ಕಳಿಗೆ ತರಕಾರಿಗಳನ್ನು ಆಟದ ಮೂಲಕ ಪರಿಚಯಿಸುವುದು ಹೇಗೆಂದು ಹಿಂದೆ ಕೇಳಿದ್ದೆ. ಸಲಹೆ ನೀಡಿದ ಎಲ್ಲರಿಗೂ ಕೃತಜ್ಞತೆಗಳು. ಅವುಗಳಲ್ಲಿ ಬೆಂಡೆಕಾಯಿಯ ಅಚ್ಚು ಮಕ್ಕಳಿಗೆ ಬಹಳ ಹಿಡಿಸಿತು. ಅಡ್ಡಲಾಗಿ ಕತ್ತರಿಸಿದ ಬಲಿತ ಬೆಂಡೆಯನ್ನು ಅರಿಸಿನ ಕಲಸಿದ ನೀರಿನಲ್ಲಿ ಅದ್ದಿ ಕಾಗದಕ್ಕೆ ಒತ್ತಿದಾಗ ಐದೆಸಳಿನ ಹೂವು ಮೂಡಿತು. ಮಕ್ಕಳು ಕಾಯಿಯ ಒಳಗಿನ ಕೋಣೆಗಳನ್ನು ಬೆರಳಿಟ್ಟು ಎಣಿಸಿ, ಪ್ರತಿಯೊಂದರಲ್ಲೂ ಬೀಜವಿರುವುದನ್ನು ತಾವೇ ಕಂಡುಕೊಂಡರು. ಕಣ್ಣು ಕಟ್ಟಿ ಮೂಲಂಗಿ, ಹೀರೆಕಾಯಿಗಳನ್ನು ಮುಟ್ಟಿ ಗುರುತಿಸುವ ಆಟವೂ ನಡೆಯಿತು, ಆದರೆ ತೀರ ಚಿಕ್ಕವರು ಹೆದರಿದ್ದರಿಂದ ಬಟ್ಟೆಯ ಚೀಲದೊಳಗೆ ಕೈ ಹಾಕಿಸುವುದೇ ಮೇಲು ಎನಿಸಿತು. ತೆಂಗಿನ ಚಿಪ್ಪಿನಲ್ಲಿ ಬಿತ್ತಿದ ಮೆಂತ್ಯ ಮೊಳೆತಿದೆ. ಸೊಪ್ಪು ಬಂದಾಗ ಮಕ್ಕಳ ಕೈಯಿಂದಲೇ ಬಿಡಿಸಿ ಮಧ್ಯಾಹ್ನದ ಸಾಂಬಾರಿಗೆ ಹಾಕಲಿದ್ದೇವೆ.